ಎದೆಗೆ ಹಚ್ಚಿದ ವಿಭೂತಿ

ನನಗೆ ಹೆದರಿಕೆಯಾದರೆ ಅಳು ಬರುವುದಿಲ್ಲ, ಜಗಳ ಬರುತ್ತದೆ. ಇದು ನಮ್ಮ ಮನೆಯವರಿಗೆಲ್ಲ ಗೊತ್ತು. ಆ ದಿನ ಬೆಳಿಗ್ಗೆ ಬಸವಕಲ್ಯಾಣದ ಬಸ್‌ ಸ್ಟ್ಯಾಂಡಿನಲ್ಲಿ ನಾನು ಕಿಟಕಿ ಪಕ್ಕದ ಸೀಟಿಗಾಗಿ ಕಂಡಕ್ಟರನ ಮೇಲೆ ಹರಿಹಾಯುತ್ತಿದ್ದಾಗ ನನ್ನ ಗಂಡ ಶಿವರಾಜ ಮುಖ ಆ ಕಡೆ ತಿರುಗಿಸಿಕೊಂಡು ನಿಂತುಬಿಟ್ಟರು. ಅತ್ತೆ ಮಾತ್ರ ಕಂಡಕ್ಟರನ ಹತ್ತಿರ ಹೋಗಿ ಮೆಲ್ಲಗೆ, "ಅಕಿ ಅಂಜ್ಯಾಳ, ಬಿಡಪಾ" ಎಂದರು. ಆತ ನನ್ನನ್ನೊಮ್ಮೆ ನೋಡಿ ಸುಮ್ಮನಾದ. ನಾವು ಮೂವರು ಹುಮನಾಬಾದಿಗೆ ಹೊರಟಿದ್ದೆವು, ನನ್ನ ಎದೆಯ ಚಿತ್ರ ತೆಗೆಸುವುದಕ್ಕೆ.

ನಾನು ಸುವರ್ಣಾ. ಮನೆಯ ಪಡಸಾಲೆಯಲ್ಲೇ ಮಷೀನು ಇಟ್ಟುಕೊಂಡು ಜಂಪರ್ ಹೊಲಿಯುತ್ತೇನೆ. ಬೆಳಗಾದರೆ ಊರ ಹೆಣ್ಣುಮಕ್ಕಳ ಎದೆಗೆ ಟೇಪು ಸುತ್ತುವ ನಾನು ನನ್ನ ಎದೆಯ ಬಗ್ಗೆ ಯಾವತ್ತೂ ಯೋಚಿಸಿದವಳಲ್ಲ. ನನಗೆ ಗಂಟು ಇರಲಿಲ್ಲ, ನೋವಿರಲಿಲ್ಲ. ಆದರೆ ನನಗೊಬ್ಬ ಅಕ್ಕ ಇದ್ದಳು. ನಿರ್ಣಾ ಎಂಬ ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದೆವು. ಮೊದಲೆಲ್ಲ ಹಬ್ಬಕ್ಕೊಮ್ಮೆ ಬಂದು ಅಳತೆ ಕೊಟ್ಟು ಹೋಗುತ್ತಿದ್ದವಳು, ಆಮೇಲಾಮೇಲೆ ಹಳೇ ಜಂಪರನ್ನೇ ಯಾರ ಕೈಯಲ್ಲೋ ಕಳಿಸಿ "ಇದರಂಗ ಹೊಲಿ" ಎನ್ನತೊಡಗಿದಳು. ಹೊಲದ ಕೆಲಸ ಜಾಸ್ತಿಯಿರಬೇಕು ಎಂದುಕೊಂಡು ನಾನೂ ಹಾಗೇ ಹೊಲಿದು ಕಳಿಸುತ್ತಿದ್ದೆ. ಗಂಡನಿಗೂ ಮಕ್ಕಳಿಗೂ ನನಗೂ ತೋರಿಸದೆ ಸೆರಗಿನೊಳಗೆ ಏನನ್ನು ಮುಚ್ಚಿಟ್ಟುಕೊಂಡಿದ್ದಳು ಎಂಬುದು ಎಲ್ಲರಿಗೂ ಗೊತ್ತಾಗುವ ಹೊತ್ತಿಗೆ ದವಾಖಾನೆಯವರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟಿದ್ದರು.

ನಮ್ಮ ಓಣಿಯಲ್ಲಿ ಒಬ್ಬ ಡಾಕ್ಟರ್ ಬಾಯಿ ಇದ್ದಾರೆ. ಅವರ ಜಂಪರ್ ನಾನೇ ಹೊಲಿಯುವುದು. ಅಕ್ಕ ಹೋದ ಮೇಲೆ ಬಂದಾಗಲೆಲ್ಲ ಅವರದು ಒಂದೇ ಮಾತು. "ಸುವರ್ಣಾ, ನಿಮ್ಮಕ್ಕಗ ಆಗ್ಯದ ಅಂದ್ರ ನೀವು ಸುಮ್ಮ ಕೂಡಬಾರದು. ಗಂಟ ಬರೋತನಕ ಕಾಯೂದಲ್ಲ ಇದು. ಹುಮನಾಬಾದದಾಗ ಆ ಮಷೀನ ಬಂದದ, ಮ್ಯಾಮೊಗ್ರಾಂ ಅಂತ ಕೇಳ್ರಿ, ತೆಗಿಸ್ಕೊಂಡ ಬರ್ರಿ."

"ಲಗ್ನದ ಸೀಜನ್ ಮುಗೀಲಿ ಬಾಯಾರ" ಎಂದೆ. ಸೀಜನ್ ಮುಗಿಯಿತು. "ಶ್ರಾವಣ ಮುಗೀಲಿ" ಎಂದೆ. ಶ್ರಾವಣವೂ ಮುಗಿಯಿತು. ಕೊನೆಗೆ ಒಂದು ದಿನ ಅವರು ತಂದ ಬಟ್ಟೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು, "ನೀವು ಚಿತ್ರ ತೆಗಿಸೋತನಕ ನಾ ನಿಮ್ಮ ಕಡೆ ಜಂಪರ್ ಹೊಲಿಸಂಗಿಲ್ಲ" ಎಂದು ಹೋಗಿಯೇಬಿಟ್ಟರು. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಹೊರಟೆ ಅನ್ನಿ.

ಅತ್ತೆಯ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಅತ್ತೆ ನೀಲಮ್ಮ. ಮಾವ ತೀರಿಕೊಂಡ ಮೇಲೆ ಅವರ ಹಣೆಯಲ್ಲಿ ವಿಭೂತಿಯೊಂದೇ. ವಿಭೂತಿಯಿಲ್ಲದ ಅವರ ಹಣೆಯನ್ನು ನಾನು ಈ ಮನೆಗೆ ಬಂದಾಗಿನಿಂದ ಕಂಡಿರಲಿಲ್ಲ. ದಿನಾ ಲಿಂಗಪೂಜೆ ಮುಗಿಸಿ ಮನೆಮಂದಿಗೆಲ್ಲ ಅವರೇ ಹಚ್ಚುವುದು. ಜ್ವರ ಬಂದರೆ ಹಣೆಗೆ ಇನ್ನಷ್ಟು, ಹೊಟ್ಟೆ ನೋವಾದರೆ ಹೊಟ್ಟೆಗೆ, ಮೊಣಕಾಲು ಹಿಡಿದರೆ ಮೊಣಕಾಲಿಗೆ. ಔಷಧ ಗೀಷಧ ಎಲ್ಲ ಆಮೇಲೆ.

ಆ ದಿನ ಬೆಳಿಗ್ಗೆ ನನ್ನನ್ನು ದೇವರ ಕೋಣೆಗೆ ಕರೆದು ಬಾಗಿಲು ಹಾಕಿದರು.

"ಜಂಪರ್ ಬಿಚ್ಚ."

"ಅತ್ತೀ, ನಾ ಏನ್ ಕೂಸೇನ್ರಿ?"

"ಕೂಸಿದ್ದಿದ್ರ ಅಂಜಿಕಿ ಎಲ್ಲಿರ್ತಿತ್ತು? ಬಿಚ್ಚ, ಬಸ್ಸಿಗಿ ಹೊತ್ತಾಗ್ತದ."

ಅಂಗೈಯಲ್ಲಿ ನೀರು ಹಾಕಿಕೊಂಡು ವಿಭೂತಿಯ ಗಟ್ಟಿಯನ್ನು ತೇಯ್ದರು. ಮೂರು ಬೆರಳಲ್ಲಿ ಎದೆಯ ಎರಡೂ ಕಡೆ, ಕೆಳಗೆ, ಕಂಕುಳ ಹತ್ತಿರದವರೆಗೂ ಹಚ್ಚಿದರು. ಬಾಯಲ್ಲಿ ಏನೋ ಅನ್ನುತ್ತಲೇ ಇದ್ದರು. ಹಚ್ಚಿದಾಗ ತಣ್ಣಗಿತ್ತು, ಒಣಗಿದ ಮೇಲೆ ಚರ್ಮ ಸ್ವಲ್ಪ ಬಿಗಿದಂತಾಯಿತು. ನಾನು ಗೊಣಗಿದೆ, ಆದರೆ ಸುಳ್ಳು ಯಾಕೆ ಹೇಳಲಿ, ಆ ಕೈ ಮುಟ್ಟಿದ್ದು ನನಗೆ ಬೇಕಾಗಿತ್ತು.

ಹುಮನಾಬಾದಿನ ಆ ಸ್ಕ್ಯಾನಿಂಗ್ ಸೆಂಟರ್ ಹೈದರಾಬಾದ್ ರಸ್ತೆಯ ಮೇಲಿದೆ. ಲಾರಿ ಹೋದಾಗಲೆಲ್ಲ ಕಿಟಕಿಯ ಗಾಜು ಗಡಗಡ ಅನ್ನುತ್ತದೆ. ಕೂತವರಲ್ಲಿ ಹೆಚ್ಚಿನವರು ಬಸುರಿಯರು. ಪಕ್ಕದ ಹುಡುಗಿ ಅಕ್ಕರೆಯಿಂದಲೇ ಕೇಳಿದಳು, "ನಿಮ್ಮದು ಎಷ್ಟನೇದ್ರಿ?" ನಾನು, "ನಲವತ್ತಾರನೇದು. ವರ್ಷ" ಎಂದೆ. ಪಾಪ, ಅವಳು ಮತ್ತೆ ನನ್ನ ಕಡೆ ತಿರುಗಲಿಲ್ಲ.

ಒಳಗೆ ಕರೆದವಳು ಸಮೀನಾ ಎಂಬ ಹುಡುಗಿ. ಆ ಮಷೀನು ನಡೆಸುವವಳು ಅವಳೇ. "ಆಂಟಿ, ಮ್ಯಾಲಿಂದ ಎಲ್ಲಾ ತೆಗೀಬೇಕ್ರಿ. ಕೊಳ್ಳಾಗಿಂದೂ" ಎಂದಳು. ತಾಳಿ ತೆಗೆದಿಟ್ಟೆ. ಲಿಂಗದ ಕರಡಿಗೆ ಮಾತ್ರ ಕೈಯಲ್ಲಿ ಹಿಡಿದು ನಿಂತೆ. "ಇದು ಮೈಬಿಟ್ಟು ಇಡಾಂಗಿಲ್ಲವಾ" ಎಂದೆ. ಅದಕ್ಕೂ ಜಗಳಕ್ಕೆ ತಯಾರಾಗಿಯೇ ಇದ್ದೆ. ಅವಳು ಒಂದು ಗಳಿಗೆ ಯೋಚಿಸಿ, "ಹಂಗಾದ್ರ ಮ್ಯಾಲ ಕಟ್ಟೂಣ್ರಿ" ಎಂದು ನನ್ನ ತುರುಬಿಗೇ ದಾರ ಸುತ್ತಿ ಕರಡಿಗೆಯನ್ನು ತಲೆಯ ಮೇಲೆ ಕಟ್ಟಿದಳು. ಆಡಲು ಬಂದ ಜಗಳ ಬಾಯಲ್ಲೇ ಉಳಿಯಿತು.

"ಪೌಡರ್, ಸೆಂಟ್, ಮುಲಾಮ ಏನರ ಹಚ್ಚೀರೇನ್ರಿ?"

"ಏನೂ ಇಲ್ಲವಾ."

ಕೋಣೆಯಲ್ಲಿ ದೀಪ ಸಣ್ಣಗಿತ್ತು. ಎದೆಯನ್ನು ಎರಡು ಹಲಗೆಗಳ ನಡುವೆ ಇಟ್ಟು ಒತ್ತುತ್ತಾರೆ. ನೋವಾಗುತ್ತದೆ, ಇಲ್ಲವೆನ್ನುವುದಿಲ್ಲ, ಆದರೆ ಉಸಿರು ಹಿಡಿದು ಬಿಡುವಷ್ಟರಲ್ಲಿ ಮುಗಿಯುತ್ತದೆ. ನೋವಿಗಿಂತ ಹೆಚ್ಚಾಗಿ ಆ ಸದ್ದೇ ನನಗೆ ಆಗಿಬರಲಿಲ್ಲ. ಹಲಗೆ ಇಳಿಯುವಾಗ ಗುಂಯ್ ಅನ್ನುತ್ತದೆ. ಆ ಸದ್ದು ಈಗಲೂ ಒಮ್ಮೊಮ್ಮೆ ಕಿವಿಯಲ್ಲಿ ಬರುತ್ತದೆ.

ಸ್ವಲ್ಪ ಹೊತ್ತಿನ ಮೇಲೆ ಅಲ್ಲಿನ ಡಾಕ್ಟರರು ಒಳಗೆ ಕರೆದರು. ಕಂಪ್ಯೂಟರ್ ಪರದೆಯ ಮೇಲೆ ನನ್ನ ಎದೆ. ಕಪ್ಪು ಬೂದಿ ಬಣ್ಣದ ನಡುವೆ ಬಿಳಿ ಚುಕ್ಕಿಗಳು, ರವೆ ಚೆಲ್ಲಿದಂತೆ, ಎರಡೂ ಕಡೆ. ಅಂಥ ಚಿತ್ರ ಓದಲು ನನಗೆ ಬರದಿದ್ದರೂ ಅಷ್ಟು ಕಂಡಿತು. ಡಾಕ್ಟರರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ನೋಡಿದರು. ಅಕ್ಕನ ಕೊನೆಯ ದಿನಗಳ ಮುಖ ಕಣ್ಣಿಗೆ ಬಂತು. ಸತ್ತೇ ಹೋದೆ ಅಂದುಕೊಂಡೆ.

"ಬಾಯಿ ಬಿಟ್ಟು ಹೇಳ್ರಿ ಸಾಹೇಬ್ರ. ಸುಮ್ಮ ಕುಂತ್ರ ನಾ ಏನ್ ತಿಳ್ಕೊಬೇಕು?" ಎಂದು ಜೋರು ಮಾಡಿದೆ. ನನ್ನ ದನಿ ನನಗೇ ಯಾರದೋ ಅನಿಸಿತು.

"ಇವು ಒಳಗಿನವು ಅನಸವಲ್ಲವು. ಮೈಗಿ ಏನ್ ಹಚ್ಕೊಂಡೀರಿ?"

"ಏನೂ ಇಲ್ರಿ. ಹೇಳೀನಲ್ಲ."

ಅವರು ಸಮೀನಾಳನ್ನು ಕರೆದು ನೋಡು ಎಂದರು. ಅವಳು ನನ್ನನ್ನು ಬಟ್ಟೆಯ ಪರದೆಯ ಹಿಂದೆ ಕರೆದೊಯ್ದು, ದೊಡ್ಡ ದೀಪ ಹಾಕಿ, ಕಂಕುಳ ಕೆಳಗೆ ಬೆರಳು ಎಳೆದಳು. ಬೆರಳ ತುದಿ ಬೆಳ್ಳಗಾಯಿತು.

"ಆಂಟಿ, ಇದೇನ್ರಿ ಮತ್ತ?"

"ವಿಭೂತಿ."

"ಪೌಡರ್ ಹಚ್ಚಿಲ್ಲ ಅಂದ್ರಲ್ರಿ!"

"ವಿಭೂತಿ ಪೌಡರ್ ಹ್ಯಾಂಗಾಗ್ತದವಾ?" ಎಂದೆ. ಖಂಡಿತ ನನಗೆ ಹೊಳೆದಿರಲಿಲ್ಲ. ವಿಭೂತಿ ನಾವು ಹಚ್ಚಿಕೊಳ್ಳುವ ವಸ್ತು ಅಂತ ನಮಗೆ ಅನಿಸುವುದೇ ಇಲ್ಲ. ಅದು ಮೈಮೇಲೆ ಇರುವಂಥದ್ದು, ಅಷ್ಟೇ. ಪರದೆಯ ಆಚೆ ಡಾಕ್ಟರರು ನಕ್ಕದ್ದು ಕೇಳಿಸಿತು. ಬೂದಿಯೂ ಚಿತ್ರದಲ್ಲಿ ಹೀಗೇ ಬೆಳ್ಳಗೆ ಕಾಣುತ್ತದಂತೆ.

ಬಚ್ಚಲಲ್ಲಿ ತೊಳೆದುಕೊಂಡೆ, ಸಮೀನಾ ಒದ್ದೆ ಹತ್ತಿಯಿಂದ ಒರೆಸಿದಳು, ಮತ್ತೆ ಚಿತ್ರ ತೆಗೆದರು. ಹೊರಗೆ ಬಂದು ಅತ್ತೆಗೆ ಹೇಳಿದೆ. ಅವರು ಮೊದಲು ಬಾಯಿಗೆ ಸೆರಗು ಒತ್ತಿಕೊಂಡರು. ಆಮೇಲೆ ನಗು ಸುರುವಾಯಿತು ನೋಡಿ, ನಾನೂ, ಅವರೂ, ಇವರೂ. ಅತ್ತೆ ಆ ಬಸುರಿ ಹುಡುಗಿಗೂ ಕಥೆ ಹೇಳಿದರು. "ನನ್ನ ವಿಭೂತಿ ಕಂಡು ಡಾಕ್ಟರ್ ಪರೇಶಾನ್ ಆಗಿ ಹೋದ!" ಶಿವರಾಜ ಹೋಗಿ ಚಹಾ ತಂದರು. ನಾನು ಅಂಥ ಚಹಾ ಮತ್ತೆ ಕುಡಿದಿಲ್ಲ.

ಚಹಾ ಮುಗಿಯುವ ಮೊದಲೇ ಮತ್ತೆ ಕರೆ ಬಂತು. ಈ ಸಲ ಮೂವರೂ ಹೋದೆವು. ಪರದೆ ಸ್ವಚ್ಛವಾಗಿತ್ತು. ಡಾಕ್ಟರರ ಪೆನ್ನು ಎಡಗಡೆಯ ಒಂದು ಜಾಗಕ್ಕೆ ಬಂದು ನಿಂತಿತು. ಅಲ್ಲೊಂದು ಚಿಟಿಕೆಯಷ್ಟು ಬಿಳಿ ಚುಕ್ಕಿಗಳು ಗುಂಪಾಗಿ ಕೂತಿದ್ದವು.

"ಎಲ್ಲಾ ಹೋಗ್ಯಾವ. ಇವು ಹೋಗಿಲ್ಲ" ಎಂದರು. ದನಿಯಲ್ಲಿ ನಗುವಿರಲಿಲ್ಲ. "ಇವು ಒಳಗ ಅವ. ಕ್ಯಾನ್ಸರೇ ಅಂತ ನಾ ಹೇಳಾಕತ್ತಿಲ್ಲ. ಆದ್ರ ಬಿಡೂ ಹಂಗಿಲ್ಲ. ಹೈದರಾಬಾದಕ್ಕ ಹೋಗಿ ಸೂಜಿ ಹಾಕಿ ಒಂದಿಷ್ಟು ತೆಗೆದು ಪರೀಕ್ಷಾ ಮಾಡಿಸ್ರಿ. ತಡ ಮಾಡಬ್ಯಾಡ್ರಿ."

ಹೊರಗೆ ಬಂದ ಕೂಡಲೇ ಅತ್ತೆ ಹೇಳಿದರು, "ಅಲ್ಲೂ ಜರಾ ಉಳದಿರ್ತದ. ಛಲೋ ತಿಕ್ಕಿಲ್ಲ ನೀ." ಶಿವರಾಜರದು ಬೋರಿನ ಮೋಟಾರ್ ರಿಪೇರಿ ಅಂಗಡಿ. ಅವರಿಗೆ ಅವರದೇ ಅನುಮಾನ. "ಮಷೀನ್ ಒಳಗ ಧೂಳ ಕುಂತ್ರೂ ಹಂಗ ಕಾಣ್ತದ." ನಾನು ಇಬ್ಬರ ಮಾತಿಗೂ ಹೂಂ ಹೂಂ ಅಂದೆ. ನನಗೆ ಬೇಕಾದದ್ದನ್ನೇ ಅವರು ಹೇಳುತ್ತಿದ್ದರು. ಅಷ್ಟೆಲ್ಲ ಚುಕ್ಕಿ ವಿಭೂತಿಯಾದರೆ ಇದೊಂದಿಷ್ಟು ಯಾಕಾಗಬಾರದು?

ಅಲ್ಲಿಂದ ನನ್ನ ತೊಳೆಯುವ ಹುಚ್ಚು ಸುರುವಾಯಿತು. ಬಿಸಿನೀರು, ಸೋಪು, ಹೀರೇಕಾಯಿ ನಾರು. ಎಡಗಡೆ ತಿಕ್ಕಿದ್ದೇ ತಿಕ್ಕಿದ್ದು. ಚೆನ್ನಾಗಿ ತಿಕ್ಕಿಕೊಂಡು ಇನ್ನೊಂದು ಸಲ ಚಿತ್ರ ತೆಗೆಸಿದರಾಯಿತು, ಹೈದರಾಬಾದೂ ಬೇಡ ಸೂಜಿಯೂ ಬೇಡ ಎಂಬ ಲೆಕ್ಕ. ಡಾಕ್ಟರ್ ಬಾಯಿ ಎದುರಾದರೆ ಇನ್ನೊಂದು ಓಣಿ ಹಿಡಿಯುತ್ತಿದ್ದೆ. ಮಷೀನಿಗೆ ಕೂತರೆ ಸೂಜಿ ಬಟ್ಟೆಯೊಳಗೆ ಹೋಗಿ ಬರುವುದನ್ನು ನೋಡಲಾಗುತ್ತಿರಲಿಲ್ಲ. ಅಕ್ಕ ಹಳೇ ಜಂಪರ್ ಕಳಿಸಿ ಸುಮ್ಮನಿದ್ದದ್ದು ಯಾಕೆಂದು ಆಗ ನನಗೆ ತಿಳಿಯಿತು. ಜನ ಅವಳಿಗೆ ಬುದ್ಧಿಯಿರಲಿಲ್ಲ ಅನ್ನುತ್ತಾರೆ. ಬುದ್ಧಿಯ ಮಾತಲ್ಲ ಅದು. ಹೆದರಿಕೆ ಎಷ್ಟು ದೊಡ್ಡದೆಂದರೆ, ಗೊತ್ತಿಲ್ಲದೇ ಇದ್ದರೆ ಇಲ್ಲವೇ ಇಲ್ಲ ಅಂತ ಮನಸ್ಸೇ ಹೇಳಿಕೊಡುತ್ತದೆ. ಇದನ್ನು ಓದುತ್ತಿರುವ ನಿಮ್ಮಲ್ಲೂ ಯಾರಾದರೂ ಈಗ ಹಾಗೇ ಕೂತಿರಬಹುದು. ನಾನೂ ಕೂತಿದ್ದೆ.

ಒಂದು ಮಧ್ಯಾಹ್ನ ತಿಕ್ಕುತ್ತಿದ್ದಾಗ ಚರ್ಮ ಕಿತ್ತು ರಕ್ತ ಬಂತು. ಅತ್ತೆ ಬಚ್ಚಲ ಬಾಗಿಲು ತಳ್ಳಿ ನೋಡಿದರು.

"ಯವ್ವಾ! ಏನ್ ಮಾಡ್ಕೊಂಡೀ?"

"ನಿಮ್ಮ ವಿಭೂತಿ ಹೋಗವಲ್ದು!" ಎಂದು ಕಿರುಚಿದೆ. ಓಣಿಗೆಲ್ಲ ಕೇಳಿರಬೇಕು.

ಅವರು ಬಚ್ಚಲ ಹೊಸ್ತಿಲಲ್ಲಿ ಕೂತುಬಿಟ್ಟರು. ಆಮೇಲೆ ನನ್ನ ಕೈಯಿಂದ ನಾರು ಕಸಿದುಕೊಂಡರು.

"ಅದು ವಿಭೂತಿ ಅಲ್ಲವಾ. ವಿಭೂತಿ ಒಂದ ತಂಬಿಗಿ ನೀರಿಗಿ ಹೋಗ್ತದ. ಐವತ್ತ ವರ್ಷ ಹಚ್ಚೀನಿ, ನನಗ ಗೊತ್ತಾಗಂಗಿಲ್ಲೇನು? ಅವತ್ತ ಅಲ್ಲೇ ನನಗ ಗೊತ್ತಿತ್ತು. ಅಂಜಿಕಿಗಿ ಹಂಗಂದೆ." ಸೆರಗಿನಿಂದ ನನ್ನ ಗಾಯಕ್ಕೆ ಒತ್ತಿದರು. "ನಿಮ್ಮಕ್ಕನ ಮಣ್ಣಿಗಿ ಹೋಗಿ ಬಂದೀನಿ ನಾ. ನಿನ್ನ ಮಣ್ಣಿಗಿ ಹೋಗಂಗಿಲ್ಲ. ಏಳ, ಸೀರಿ ಉಟ್ಕೋ. ಡಾಕ್ಟರ್ ಬಾಯಿ ಕಡೆ ಹೋಗೂಣು."

ನಾನು ಅವರ ಭುಜಕ್ಕೆ ತಲೆಯಿಟ್ಟು ಅತ್ತುಬಿಟ್ಟೆ. ಅಷ್ಟು ದಿನಗಳಲ್ಲಿ ಅತ್ತದ್ದು ಅದೇ ಮೊದಲು.

ಹೈದರಾಬಾದಿನ ದವಾಖಾನೆಯ ವಿಷಯ ಬಹಳ ಹೇಳುವುದಿಲ್ಲ. ಸೂಜಿಯ ಪರೀಕ್ಷೆಗಿಂತ ಅದರ ರಿಪೋರ್ಟು ಬರುವವರೆಗಿನ ದಿನಗಳೇ ನನ್ನನ್ನು ತಿಂದವು. ನಾನು ಜಂಪರಿಗೆ ಹುಕ್ಕು ಹಚ್ಚುತ್ತಾ ಕೂತಿದ್ದಾಗ ಡಾಕ್ಟರ್ ಬಾಯಿ ರಿಪೋರ್ಟು ಹಿಡಿದುಕೊಂಡು, ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದರು. "ಅದ, ಸುವರ್ಣಾ" ಎಂದರು. "ಆದ್ರ ಕೇಳ್ರಿ. ಹಾಲಿನ ನಳಿಗಿ ಒಳಗಾ ಅದ, ಇನ್ನಾ ಹೊರಗ ಬಂದಿಲ್ಲ. ಗಂಟ ಆಗೂಕಿಂತ ಮೊದ್ಲಾ ಸಿಕ್ಕದ." ನನಗೆ ಕೇಳಿಸಿದ್ದು 'ಅದ' ಎಂಬುದೊಂದೇ. ಉಳಿದದ್ದನ್ನು ಆಮೇಲೆ ಅತ್ತೆ ಮತ್ತೆ ಮತ್ತೆ ಹೇಳಿ ನನ್ನ ತಲೆಗೆ ಹಾಕಿದರು.

ಎದೆ ಪೂರ್ತಿ ತೆಗೆಯಲಿಲ್ಲ, ಆ ಜಾಗವನ್ನಷ್ಟೇ ತೆಗೆದರು. ಆಪರೇಷನ್ ಕೋಣೆಯಲ್ಲಿ ಒಬ್ಬ ನರ್ಸಮ್ಮ ಲಿಂಗದ ಕರಡಿಗೆಯನ್ನು ನನ್ನ ಮುಂಗೈಗೆ ಬ್ಯಾಂಡೇಜು ಬಟ್ಟೆಯಿಂದ ಸುತ್ತಿ, "ಕದಲದಮ್ಮಾ" ಎಂದು ತೆಲುಗಿನಲ್ಲಿ ಏನೋ ಸಮಾಧಾನ ಹೇಳಿದಳು. ಎಚ್ಚರವಾದಾಗ ನಾನು ಮೊದಲು ಮುಟ್ಟಿ ನೋಡಿಕೊಂಡದ್ದು ಎದೆಯನ್ನಲ್ಲ, ಮುಂಗೈಯನ್ನು. ಅದು ಅಲ್ಲೇ ಇತ್ತು. ಆಮೇಲೆ ಕರೆಂಟು ಕೊಡುವ, ಅಂದರೆ ರೇಡಿಯೇಶನ್ನಿನ, ದಿನಗಳು. ಶಿವರಾಜ ಅಂಗಡಿಗೆ ಬೀಗ ಹಾಕಿ ಬಂದು ನನ್ನ ಜೊತೆ ಅಲ್ಲೇ ಉಳಿದರು. ಮಷೀನಿನ ಧೂಳಿನ ಮಾತು ಅವರು ಮತ್ತೆ ಎತ್ತಲಿಲ್ಲ. ದಿನಾ ಕ್ಯೂನಲ್ಲಿ ಜಹೀರಾಬಾದಿನ ಒಬ್ಬ ಹೆಣ್ಣುಮಗಳು ನನಗಾಗಿ ತನ್ನ ಪಕ್ಕದ ಕುರ್ಚಿಯ ಮೇಲೆ ಕರ್ಚೀಫು ಹಾಕಿ ಇಟ್ಟಿರುತ್ತಿದ್ದಳು. ಅವಳ ಭಾಷೆ ನನಗೆ ಅರ್ಧ ಅರ್ಥವಾಗುತ್ತಿತ್ತು, ನನ್ನದು ಅವಳಿಗೆ ಅರ್ಧ. ಇಬ್ಬರೂ ಮಾತಾಡುತ್ತಲೇ ಇದ್ದೆವು.

ವರ್ಷ ತುಂಬಿತು. ಮತ್ತೆ ಹುಮನಾಬಾದಿಗೆ ಹೋಗಿ ಚಿತ್ರ ತೆಗೆಸಬೇಕು. ಇನ್ನೇನು ಮುಗಿಯಿತಲ್ಲ, ಇನ್ನು ಹೆದರಿಕೆ ಯಾಕೆ ಎಂದು ಜನ ಕೇಳುತ್ತಾರೆ. ಮೊದಲ ಸಲ ಏನೂ ಗೊತ್ತಿಲ್ಲದೆ ಹೋಗಿದ್ದೆ. ಈ ಸಲ ಎಲ್ಲಾ ಗೊತ್ತಿತ್ತು. ಹೆದರಿಕೆ ಎರಡರಷ್ಟಾಗಿತ್ತು.

ಆ ಬೆಳಿಗ್ಗೆ ಅತ್ತೆ ದೇವರ ಕೋಣೆಗೆ ಕರೆಯಲಿಲ್ಲ, ಬಚ್ಚಲಿಗೆ ಕರೆದರು. ಒದ್ದೆ ಬಟ್ಟೆಯಿಂದ ತಾವೇ ನನ್ನ ಎದೆ, ಕಂಕುಳು ಒರೆಸಿದರು. ಗಾಯದ ಗುರುತನ್ನು ಅವರು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಒರೆಸುತ್ತಿದ್ದ ಕೈ ಒಂದು ಕಡೆ ನಿಂತಿತು. ಬಟ್ಟೆ ಹಿಂಡಿ ಎದ್ದು ಹೋದರು.

ಬಸ್ಸಿನಲ್ಲಿ ಪಕ್ಕಕ್ಕೆ ತಿರುಗಿದಾಗ ನೋಡಿದೆ. ಅವರ ಹಣೆ ಬರಿದಾಗಿತ್ತು.

"ಅತ್ತೀ, ವಿಭೂತಿ?"

"ನೆಪ್ಪ ಹಾರ್ತು" ಎಂದು ಕಿಟಕಿಯ ಕಡೆ ನೋಡಿದರು.

ನೆನಪು ಹಾರುವ ಹೆಂಗಸಲ್ಲ ಅವರು. ಒರೆಸುವಾಗ ಕೈಗೆ ಏನೋ ಸಿಕ್ಕಿದೆ, ಅದಕ್ಕೇ ಕೈ ನಿಂತದ್ದು, ದೇವರ ಮೇಲೇ ಸಿಟ್ಟಾಗಿದ್ದಾರೆ ಎಂದುಕೊಂಡೆ. ದಾರಿಯಲ್ಲಿ ರಾಜೇಶ್ವರದ ಸ್ಟಾಪು ಬಂತು, ಹೋಯಿತು. ಆ ಬರೀ ಹಣೆಯಲ್ಲಿ ವಿಭೂತಿ ಇರುತ್ತಿದ್ದ ಜಾಗ ಮಾತ್ರ ಸ್ವಲ್ಪ ಬೆಳ್ಳಗಿತ್ತು. ನಾನು ಕಂಡಕ್ಟರನ ಜೊತೆಯೂ ಜಗಳವಾಡಲಿಲ್ಲ.

ಸಮೀನಾ ಗುರುತು ಹಿಡಿದಳು, ಕೇಳದೆಯೇ ತುರುಬಿಗೆ ಲಿಂಗ ಕಟ್ಟಿದಳು. ಹಲಗೆ ಗುಂಯ್ ಅಂದಿತು. ಡಾಕ್ಟರರು ಬಹಳ ಹೊತ್ತು ನೋಡಿದರು. ಆಮೇಲೆ, "ಸ್ವಚ್ಛ ಅದ. ಏನೂ ಇಲ್ಲ" ಎಂದರು. ಇನ್ನೊಂದು ಸಲ ಹೇಳಿ ಎಂದೆ. ಹೇಳಿದರು.

ಹೊರಗೆ ಬಂದು ಅತ್ತೆಯ ಮುಂದೆ ಕುಕ್ಕರಿಸಿ, "ಏನೂ ಇಲ್ಲಂತ್ರಿ, ಅತ್ತೀ" ಎಂದೆ. ಅವರ ಕಣ್ಣು ತುಂಬಿ ಹರಿದವು, ನನ್ನ ಗಲ್ಲ ಹಿಡಿದು ಅಲುಗಾಡಿಸಿದರು. "ಈಗರ ವಿಭೂತಿ ಹಚ್ಕೋರಿ" ಎಂದೆ. ಅವರು ಸೊಂಟದಿಂದ ವಿಭೂತಿಯ ಸಣ್ಣ ಚೀಲ ತೆಗೆದು ನನ್ನ ಕೈಗಿಟ್ಟರು.

"ಹಿಡಿ. ನಂದೂ ತೆಗೀಲಿ, ಹೆಸರ ಬರಸೀನಿ."

"ನಿಮ್ದಾ? ಯಾಕ್ರಿ?"

"ಬಲಗಡಿ ಜರಾ ಗಟ್ಟಿ ಹತ್ತತದ. ಭಾಳ ದಿನಾ ಆಯ್ತು. ನಿಂದ ಮುಗೀಲಿ ಅಂತ ಸುಮ್ಮಿದ್ದೆ. ಮುಂಜಾನಿ ನಿನಗ ಒರಸೂಮುಂದ, ಇವತ್ತಾ ಹೇಳಬೇಕು ಅನಿಸ್ತು." ಎದ್ದು ನಿಂತರು. "ಮೈಯೆಲ್ಲಾ ತೊಳಕೊಂಡ ಬಂದೀನಿ. ಹಣೀನೂ."

ಬೈಯಬೇಕು, ಕಿರುಚಬೇಕು, ಇಷ್ಟು ದಿನ ಒಂದೇ ಮನೆಯಲ್ಲಿದ್ದು ಇದನ್ನು ಹೇಗೆ ಮುಚ್ಚಿಟ್ಟಿರಿ ಎಂದು ಕೇಳಬೇಕು ಅನಿಸಿತು. ಅಷ್ಟರಲ್ಲಿ ಒಳಗಿನಿಂದ ಸಮೀನಾ ಕರೆದಳು. ಅತ್ತೆಯ ತಲೆಯಲ್ಲಿ ತುರುಬು ಕಟ್ಟುವಷ್ಟು ಕೂದಲಿಲ್ಲ. ನನ್ನ ಚೀಲದಲ್ಲಿ ಯಾವಾಗಲೂ ಲಂಗದ ಲಾಡಿ ಇರುತ್ತದೆ. ಅದನ್ನು ಅವರ ತಲೆಗೆ ಸುತ್ತಿ, ಲಿಂಗವನ್ನು ನೆತ್ತಿಯ ಮೇಲೆ ಕಟ್ಟಿದೆ.

"ಅಮ್ಮಾ, ಪೌಡರ್, ಸೆಂಟ್ ಏನರ ಹಚ್ಚೀರೇನ್ರಿ?" ಎಂದಳು ಸಮೀನಾ.

"ಏನೂ ಇಲ್ಲವಾ. ವಿಭೂತಿನೂ ಇಲ್ಲ" ಎಂದರು ಅತ್ತೆ.

ಬಾಗಿಲು ಹಾಕಿಕೊಂಡಿತು. ಹೋದ ವರ್ಷ ಅವರು ಕೂತಿದ್ದ ಕುರ್ಚಿಯಲ್ಲಿ ನಾನು ಕೂತೆ. ಹಲಗೆಯ ಸದ್ದು ಹೊರಗೂ ಕೇಳಿಸುತ್ತದೆ ಎಂದು ಆವತ್ತು ಗೊತ್ತಾಯಿತು. ಅತ್ತೆ ಇದನ್ನು ಎಷ್ಟು ಸಲ ಕೇಳಿಸಿಕೊಂಡಿದ್ದರೋ. ನನ್ನ ಸಲುವಾಗಿ ನಾನು ಅಷ್ಟು ಹೆದರಿರಲಿಲ್ಲ. ಮುಷ್ಟಿಯಲ್ಲಿ ವಿಭೂತಿಯ ಚೀಲವನ್ನು ಹಿಡಿದುಕೊಂಡೇ ಇದ್ದೆ.

ಚಿತ್ರ ತೆಗೆದ ಮೇಲೆ ಇನ್ನೊಂದು ಸ್ಕ್ಯಾನೂ ಮಾಡಿದರು. ಹೊರಗೆ ಬಂದಾಗ ಅತ್ತೆಯ ಜಂಪರಿನ ಹುಕ್ಕುಗಳು ಮೇಲೆ ಕೆಳಗಾಗಿದ್ದವು. "ನೀರಿನ ಗಂಟಂತ" ಎಂದರು. "ಆ ಬ್ಯಾನಿ ಅಲ್ಲಂತ." ನನ್ನ ಮುಂದೆ ಹಣೆ ಒಡ್ಡಿ ಕೂತರು. ಬಾಟಲಿಯ ನೀರಲ್ಲಿ ವಿಭೂತಿ ತೇಯ್ದು ಹಚ್ಚಿದೆ. ಅಷ್ಟು ವರ್ಷಗಳಲ್ಲಿ ಅವರಿಗೆ ನಾನು ಹಚ್ಚಿದ್ದು ಅದೇ ಮೊದಲು. ಗೆರೆ ಮೂರೂ ಸೊಟ್ಟಗಾದವು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬೇಕೇ ಬೇಕೆಂದು ಅತ್ತೆ ಕಂಡಕ್ಟರನ ಮೇಲೆ ಎಂಥ ಜಗಳ ತೆಗೆದರೆಂದರೆ, ಬಸ್ಸಿನವರೆಲ್ಲ ತಿರುಗಿ ನೋಡಿದರು. ನಾನು ಮೆಲ್ಲಗೆ ಆತನ ಹತ್ತಿರ ಹೋದೆ.

"ನಮ್ಮತ್ತಿ ಅಂಜ್ಯಾರ, ಬಿಡ್ರಿ" ಎಂದೆ.